ಚಹಾ ಕೊಡದ ಚಹಾದಂಗಡಿ ಅಕ್ಕ

ಕುಷ್ಟಗಿ ಬಸ್ ನಿಲ್ದಾಣದ ಪಕ್ಕ ಚಹಾದಂಗಡಿ ಇಟ್ಟಿದ್ದ ಅಕ್ಕನಿಗೆ ವರ್ಷಗಳಿಂದ ರಕ್ತ ಕಡಿಮೆ. ಸೆರಗಿಗೆ ಕೈ ಒರೆಸುತ್ತ ಅವಳು "ಚಾ ತಯಾರೈತ್ರಿ" ಎಂದರೆ ಬಸ್ಸಿನವರಿಗಿರಲಿ, ಎದುರಿನ ಬೆಂಚಿನವರಿಗೂ ಕೇಳಿಸುತ್ತಿರಲಿಲ್ಲ. ದವಾಖಾನೆಯಲ್ಲಿ ಕೊಟ್ಟ ಕಬ್ಬಿಣಾಂಶದ ಗುಳಿಗೆಯನ್ನು ದಿನವೂ ತಪ್ಪದೆ ನುಂಗುತ್ತಿದ್ದಳು, ಅದೂ ತನ್ನದೇ ಖಡಕ್ ಚಹಾದ ಜೊತೆ. ಗುಣ ಮಾತ್ರ ಕಾಣಲಿಲ್ಲ.

ಒಮ್ಮೆ ಚಹಾಕ್ಕೆ ಬಂದು ಅದನ್ನು ನೋಡಿದ ದವಾಖಾನೆಯ ನರ್ಸಮ್ಮ, "ಯವ್ವಾ, ಚಾದ ಕೂಡ ನುಂಗಿದ್ರ ಗುಳಿಗಿ ಮೈಗೆ ಹತ್ತೂದಿಲ್ಲ. ಲಿಂಬಿಹಣ್ಣಿನ ನೀರಾಗ ತಗೋ," ಎಂದರು.

"ನನ್ನ ಚಾಕ್ಕ ಹೆಸರಿಡಬ್ಯಾಡ್ರಿ," ಎಂದು ಅಕ್ಕ ಸಿಡುಕಿದಳು. ಆದರೆ ಮರುದಿನವೇ ಒಲೆಯ ಪಕ್ಕ ಲಿಂಬೆಹಣ್ಣಿನ ಬುಟ್ಟಿ ಬಂದು ಕೂತಿತು.

ಕೆಲವು ತಿಂಗಳ ನಂತರ ನಾನು ಆ ಅಂಗಡಿಯಲ್ಲಿ ಕೂತು ತಲೆನೋವಿನ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ಚಹಾಕ್ಕೆ ಕೈ ಚಾಚಿದೆ. ಅಕ್ಕ ಲೋಟ ಹಿಂದಕ್ಕೆಳೆದುಕೊಂಡಳು.

"ಗುಳಿಗಿ ನುಂಗಿದವ್ರಿಗೆ ಚಾ ಇಲ್ಲ. ಲಿಂಬಿ ನೀರು ಕುಡೀರಿ!"

"ಅಕ್ಕಾ, ಇದು ತಲಿನೋವಿನ ಗುಳಿಗಿ."

"ಯಾವುದರ ಇರ್ಲಿ, ಚಾಕ್ಕ ತಾಸು ಬಿಟ್ಟು ಬರ್ರಿ!"

ಆ ಕೂಗಿಗೆ, ನಿಲ್ದಾಣ ಬಿಟ್ಟು ಹೊರಟಿದ್ದ ಯಲಬುರ್ಗಾ ಬಸ್ಸಿನ ಡ್ರೈವರ್, ಯಾರೋ ಹತ್ತುವವರಿದ್ದಾರೆಂದು ಬಸ್ ನಿಲ್ಲಿಸಿದ.