ಅತ್ತಾರರ ಅಂಗೈಯ ಅಜವಾನ

ಹುಮನಾಬಾದಿನ ನಮ್ಮ ಓಣಿಯಲ್ಲಿ ಮಸಾಲೆ ಮಾರುತ್ತಿದ್ದ ಅತ್ತಾರರು ಯಾವ ಬೇನೆಗೂ "ದವಾ ನಿಮ್ಮ ಅಡಗಿಮನ್ಯಾಗ ಐತ್ರಿ" ಎನ್ನುತ್ತಿದ್ದರು. ಕೆಮ್ಮಿಗೆ ಮೆಣಸು, ಹಲ್ಲುನೋವಿಗೆ ಲವಂಗ, ಮಕ್ಕಳ ಹೊಟ್ಟೆನೋವಿಗೆ ಅಜವಾನ, ಅಂದರೆ ಓಮಿನ ಕಾಳು. ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಮೊದಲು ಕೂಸಿನ ಮೂಗಿಗೆ ಹಿಡಿಯುವರು. ಕೂಸು ಮುಖ ಸಿಂಡರಿಸಿದರೆ ನಗುವರು.

ವಾಂತಿಭೇದಿಯಾಗಿದ್ದ ನನ್ನ ಮಗಳನ್ನು ಅವರ ಅಂಗಡಿಗೆ ಒಯ್ದ ದಿನವೂ ಹಾಗೆಯೇ ಮೂಗಿಗೆ ಹಿಡಿದರು. ಅವಳ ಮುಖ ಅಲುಗಲಿಲ್ಲ.

"ಏನರ ಕೊಡ್ರಿ ಚಾಚಾ," ಎಂದೆ. ಕಲ್ಲು ಒಡೆದು ಮನೆ ನಡೆಸಿದವನು ನಾನು. ಯಾರ ಮುಂದೆಯೂ ಹಾಗೆ ಬೇಡಿರಲಿಲ್ಲ.

"ಇದು ನನ್ನ ಕೈಲೆ ಆಗೂದಿಲ್ಲ ಬೇಟಾ. ದವಾಖಾನಿಗೆ ನಡಿ."

ಅಂಗಡಿಯನ್ನು ತೆರೆದೇ ಬಿಟ್ಟು ನನಗಿಂತ ಮುಂದೆ ಓಡಿದರು. ಮಗಳನ್ನು ಎತ್ತಿಕೊಂಡು ನಾನು ಹಿಂದೆ ಓಡಿದೆ.

ದವಾಖಾನೆಯಲ್ಲಿ ಸಲೈನು ಏರಿಸಿದ ಮೇಲೆ ಬಹಳ ಹೊತ್ತು ಅವಳ ಮಂಚದ ಬಳಿ ಕೂತೆವು. ಕೊನೆಗೆ ಅವರು ಮುಷ್ಟಿ ಬಿಚ್ಚಿದರು. ಬೆವರಿಗೆ ಒದ್ದೆಯಾದ ಅಜವಾನ ಇನ್ನೂ ಅಲ್ಲೇ ಇತ್ತು. ಮಗಳ ಮೂಗಿಗೆ ಹಿಡಿದರು.

ಅವಳು ಮುಖ ಸಿಂಡರಿಸಿದಳು.