ಅವ್ವನ ಮೂರು ಇಂಚು ಮಳೆ

ಆ ವರ್ಷ ರೋಹಿಣಿ ಮಳೆ ಮುಖ ತೋರಿಸದೆ ಹೋಯಿತು. ಮಿರಗದ, ಅಂದರೆ ಮೃಗಶಿರಾ ಮಳೆಯ ಕಾಲವೂ ಅರ್ಧ ಮುಗಿದಿತ್ತು. ಮೂವತ್ತರ ದಶಕದ ಕೊನೆಯ ಮಾತು ಇದು. ನಾನಾಗ ಹಾನಗಲ್ಲಿನ ಮಾಮಲೇದಾರ ಕಚೇರಿಯಲ್ಲಿ ಹಂಗಾಮಿ ಕಾರಕೂನ. ನೌಕರಿ ಕಾಯಂ ಆಗುವುದೋ, ಮನೆಗೆ ಹೋಗುವುದೋ ಆ ತಿಂಗಳ ಕೊನೆಗೆ ಗೊತ್ತಾಗಬೇಕಿತ್ತು. ನನಗೆ ವಹಿಸಿದ ಕೆಲಸಗಳಲ್ಲಿ ಮಳೆ ಅಳೆಯುವುದೂ ಒಂದು. ಕಚೇರಿಯ ಅಂಗಳದಲ್ಲಿ ನೆಲಕ್ಕೆ ಹುಗಿದ ಒಂದು ತಾಮ್ರದ ಡಬ್ಬಿ ಇತ್ತು. ಬೆಳಿಗ್ಗೆ ಎಂಟಕ್ಕೆ ಅದರೊಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟು ಇಂಚು ಎಂದು ವಹಿಯಲ್ಲಿ ಬರೆಯಬೇಕು; ಆ ಲೆಕ್ಕ ಧಾರವಾಡದ ಜಿಲ್ಲಾ ಕಚೇರಿಗೆ ಹೋಗುತ್ತಿತ್ತು.

ಇಲ್ಲದ ಮಳೆಯನ್ನು ಅಳೆಯಲು ನಾನು ಒಂದು ದಿನವೂ ತಡಮಾಡಿದವನಲ್ಲ. ನಿಯಮ ಎಂದರೆ ನನಗೆ ಆಗ ಪ್ರಾಣ. ಅವ್ವ ದಿನಾ ಊಟಕ್ಕೆ ಬಡಿಸುತ್ತ ಕೇಳುತ್ತಿದ್ದಳು.

“ಇವತ್ತ ಏನ ಬರದಿಯಪಾ?”

“ಸೊನ್ನಿ.”

“ಮತ್ತ ಸೊನ್ನಿ? ನಿನಗಿಂತ ಮೊದಲಿನ ಕಾರಕೂನ ಇದ್ದಾಗ ಎಷ್ಟ ಮಳಿ ಬರ್ತಿತ್ತು!”

ಹೀಗಿರುವಾಗ ನಮ್ಮ ಓಣಿಗೆ ಗುರ್ಜಿ ಬಂತು. ಸಗಣಿಯ ಗುರ್ಜಿಯನ್ನು ಹಂಚಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ತರುತ್ತಾರೆ. ಮಳೆ ಬರಲಿ ಎಂದು ಮನೆಮನೆಯವರೂ ಅದರ ಮೇಲೆ ನೀರು ಸುರಿಯುತ್ತಾರೆ. ಅವ್ವ ಕೊಡ ಎತ್ತಿ ಧಾರಾಳವಾಗಿ ಸುರಿದಳು.

ಮರುದಿನ ಬೆಳಿಗ್ಗೆ ಡಬ್ಬಿ ತೆಗೆದರೆ ತುಂಬ ನೀರು! ಗಾಜಿನ ಅಳತೆಯಲ್ಲಿ ಏಳು ಸಲ ಸುರಿದೆ. ಮೂರು ಇಂಚು ನಲವತ್ತು ಸೆಂಟು. ಸುತ್ತಲಿನ ನೆಲ ಬಿರುಕು ಬಿಟ್ಟುಕೊಂಡು ಬಾಯಿ ತೆರೆದಿತ್ತು, ಆಕಾಶದಲ್ಲಿ ಅಂಗೈಯಷ್ಟು ಮೋಡವಿರಲಿಲ್ಲ. ಆದರೆ ನಿಯಮದಲ್ಲಿ ಆಕಾಶ ನೋಡಿ ಬರೆಯಿರಿ ಎಂದಿಲ್ಲ. ಡಬ್ಬಿಯಲ್ಲಿದ್ದದ್ದನ್ನು ಬರೆದೆ, ಸಹಿ ಮಾಡಿದೆ.

ಮಾಮಲೇದಾರ ಸಾಹೇಬರು ಮೊಣಕಾಲತನಕ ಧೂಳು ಹೊತ್ತು ಬಂದರು. ವಹಿ ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು.

“ಏನ್ರೀ ಇದು?”

“ಡಬ್ಬಿಯೊಳಗ ಇದ್ದದ್ದ ಬರದೇನ್ರಿ.”

ಸವಣೂರಿನಿಂದ ವೀಳ್ಯದೆಲೆ ತಂದಿದ್ದ ಮುದುಕನನ್ನು ಹೊರಗಿನಿಂದ ಕರೆಸಿ, ದಾರಿಯಲ್ಲಿ ಮಳೆ ಹತ್ತಿತೇ ಎಂದು ವಿಚಾರಿಸಿದರು.

“ಮಳಿ ಎಲ್ಲೀದ್ರಿ ಸಾಹೇಬ್ರ? ಎಲಿಗೆ ಚಿಮುಕಸಾಕ ನೀರ ಸಿಗವಲ್ದು.”

ಸಾಹೇಬರು ನನ್ನತ್ತ ತಿರುಗಿದರು. “ಶಿಗ್ಗಾಂವಿಗಿಲ್ಲ, ಸವಣೂರಿಗಿಲ್ಲ, ಹಿರೇಕೆರೂರಿಗಿಲ್ಲ. ಮಳಿ ಸೀದಾ ನಿಮ್ಮ ಡಬ್ಬಿಗೇ ಬಂದ ಇಳೀತೇನು?”

ನೌಕರಿ ಹೋಯಿತೆಂದೇ ತಿಳಿದೆ. ಆದರೂ ಬರೆದದ್ದನ್ನು ಹೊಡೆದು ಹಾಕಲು ಮಾತ್ರ ನಾನು ಒಪ್ಪಲಿಲ್ಲ. ಎಂಥ ಹುಂಬನಿದ್ದೆ ಎಂದು ಈಗ ನಗು ಬರುತ್ತದೆ.

ಮರುದಿನ ಬೆಳಕು ಹರಿಯುತ್ತಲೇ ಸಾಹೇಬರೂ ನಾನೂ ಅಂಗಳದ ಹುಣಸೆಮರದ ಹಿಂದೆ ನಿಂತೆವು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ತಂಬಿಗೆ ಹಿಡಿದು ಬಂದಳು. ಡಬ್ಬಿಗೆ ಕುಂಕುಮ ಹಚ್ಚಿ, ಕೈಮುಗಿದು, ಒಂದು ಹನಿಯೂ ಹೊರಗೆ ಚೆಲ್ಲದಂತೆ ನೀರು ಹೊಯ್ದಳು. ನನ್ನ ಅವ್ವ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಾಹೇಬರು ಮುಂದೆ ಬಂದರು. ಅವ್ವ ಹೆದರಲಿಲ್ಲ.

“ಹೌದ್ರಿ ಸಾಹೇಬ್ರ, ನಾನ ಹಾಕೇನಿ. ನನ್ನ ಮಗಾ ದಿನಾ ಸೊನ್ನಿ ಬರೀತಾನ. ಅವನ ಕೈಗುಣಾನ ಖೊಟ್ಟಿ ಅಂತ ನೀವು ತಗದ ಹಾಕಿದ್ರ ಏನ ಮಾಡ್ಲಿ? ಗುರ್ಜಿಗೆ ಹಾಕಿ ಉಳದ ನೀರ ಐತ್ರಿ, ಹೊಲಸಲ್ಲ.”

ಸಾಹೇಬರು ಮರಕ್ಕೆ ಕೈಯೂರಿ ನಕ್ಕರು. ಕಣ್ಣೊರೆಸಿಕೊಂಡು, “ಅವ್ವಾರ, ಇನ್ನ ಮ್ಯಾಲ ಹಾಕಬ್ಯಾಡ್ರಿ, ಧಾರವಾಡದಾಗ ಗಾಬರಿ ಆಗ್ತಾರ” ಎಂದರು. ವಹಿಯಲ್ಲಿ ತಾವೇ ಕೆಂಪು ಶಾಯಿಯಿಂದ ಗೆರೆ ಎಳೆದರು. ಮುಂದೆ ಆರಿದ್ರಾ ಮಳೆ ಹಿಡಿದು ಬಾರಿಸಿದಾಗಲೂ, “ಇದು ಅವ್ವಾರದಲ್ಲ, ಹೌದಲ್ಲ?” ಎಂದು ಕೇಳಿಯೇ ಸಹಿ ಹಾಕುತ್ತಿದ್ದರು.

ತಿಂಗಳ ಕೊನೆಗೆ ನನ್ನನ್ನು ಕಾಯಂ ಮಾಡಿದ ಹುಕುಂ ಬಂತು. “ಒಣಾ ನೆಲದ ಮ್ಯಾಲ ನಿಂತು ಮೂರು ಇಂಚು ಬರದಾಂವ ಸುಳ್ಳ ಲೆಕ್ಕಾ ಬರಿಯೂದಿಲ್ಲ” ಎಂದು ಸಾಹೇಬರು ಹೇಳಿದರು. ಖುಷಿ ತಡೆಯಲಾರದೆ ಮನೆಗೆ ಓಡಿದೆ. ನೋಡವ್ವ, ನಿನ್ನ ನೀರಿನಿಂದಲ್ಲ, ನನ್ನ ಖರೇತನದಿಂದ ನೌಕರಿ ಉಳಿಯಿತು ಎಂದು ಬಿಡಿಸಿ ಹೇಳಿದೆ.

ಅವ್ವ ತಂಬಿಗೆ ತಿಕ್ಕುತ್ತ ಎಲ್ಲ ಕೇಳಿದಳು.

“ನಾ ನೀರ ಹಾಕದಿದ್ರ ನೀ ಏನ ಬರೀತಿದ್ದಿ?”

“ಸೊನ್ನಿ.”

“ಸೊನ್ನಿ ಬರದಾಂವನ್ನ ಯಾರರ ಕಾಯಂ ಮಾಡ್ತಾರೇನು?” ಎಂದು ತಂಬಿಗೆಯನ್ನು ಬೋರಲು ಹಾಕಿದಳು.