ಒಂದು ಊದಿನಕಡ್ಡಿ ಉರಿಯುವಷ್ಟು ಹೊತ್ತು ಕುಳಿತುಕೊಳ್ಳುವ ಕುರಿತು

ಮಾನ್ಯ ಓದುಗರ ಸನ್ನಿಧಿಗೆ, ಗರಗದ ಒಬ್ಬ ನೂಲುವ ಹೆಣ್ಣುಮಗಳ ಅರಿಕೆ. ಕಾಗುಣಿತದ ತಪ್ಪುಗಳನ್ನೂ ಓರೆಯಾದ ಅಕ್ಷರಗಳನ್ನೂ ಮೊದಲೇ ಮನ್ನಿಸಬೇಕು. ಅರ್ಜಿಗಳನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವಳಲ್ಲ. ಇದನ್ನಂತೂ ಬಹುಪಾಲು ಮಗ್ಗುಲಾಗಿ ಮಲಗಿಯೇ ಬರೆಯುತ್ತಿದ್ದೇನೆ.

ವಿಷಯವೇನೆಂದರೆ, ನನ್ನ ಬೆನ್ನು. ಚರಕದ ಮುಂದೆ ಕುಳಿತು ಸವೆದಿದ್ದ ಅದಕ್ಕೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ವೇಳೆ ನರಗಳ ಮೇಲಿನ ತೆಳುಪೊರೆ ಹರಿದು, ಒಳಗಿನ ನೀರು ಸೋರತೊಡಗಿತು. ತಲೆ ಎತ್ತಿದರೆ ಸಿಡಿಯುತ್ತಿತ್ತು. ಅದನ್ನು ಮುಚ್ಚಲು ಮತ್ತೊಮ್ಮೆ ಕೊಯ್ದರು. ಸೋರುವುದು ನಿಂತಿತು, ಆದರೆ ಮಾಯ್ದ ಗಾಯ ಗಂಟುಗಟ್ಟಿ ನರವನ್ನು ಹಿಡಿದುಕೊಂಡಿದ್ದರಿಂದ, ಸೊಂಟದಿಂದ ಹಿಮ್ಮಡಿಯವರೆಗೆ ಉರಿ ಉಳಿಯಿತು.

ಅದೇ ಊರಿನ ಕೇಶ್ವಾಪುರದಲ್ಲಿರುವ ಅಕ್ಕನ ಮನೆಯಲ್ಲಿ ಅಂಗಾತ ಮಲಗಿ ಕಳೆದ ಮಧ್ಯಾಹ್ನಗಳು ಒಂದರೊಳಗೊಂದು ಕರಗಿಹೋಗಿವೆ. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು. ಮೇಲಿನ ಫ್ಯಾನು ತಿರುಗುತ್ತಾ ತಿರುಗುತ್ತಾ ಚರಕವಾಗುತ್ತಿತ್ತು; ನಾನು ಹತ್ತಿಯ ಹಂಜಿಯಾಗಿ, ಯಾರದೋ ಮೆತ್ತನೆಯ ಬೆರಳುಗಳ ನಡುವಿನಿಂದ ಎಳೆಯೆಳೆಯಾಗಿ ಹೊರಬರುತ್ತಿದ್ದೆ. ಎಳೆ ಕಡಿಯುವ ಹೊತ್ತಿಗೆ ಪ್ರತಿಸಲವೂ ಎಚ್ಚರವಾಗುತ್ತಿತ್ತು.

ಬೆಳಗಿನ ಲಿಂಗಪೂಜೆಯನ್ನೂ ಮಲಗಿಯೇ ಮಾಡುತ್ತಿದ್ದೆ. ಕೊರಳಲ್ಲಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತು, ದೃಷ್ಟಿಯಿಟ್ಟು ನೋಡುವುದು ನಮ್ಮ ಪದ್ಧತಿ. ಒಂದು ಊದಿನಕಡ್ಡಿ ಉರಿದು ಮುಗಿಯುವವರೆಗೆ ನಾನು ಕೂರುತ್ತಿದ್ದೆ. ನೋಡುತ್ತಾ ಹೋದಂತೆ ಗೋಡೆಗಳು ಹಿಂದೆ ಸರಿದು, ಆ ಕರಿಯ ಹೊಳಪಿನಲ್ಲಿ ನಾನೂ ಇಲ್ಲವಾಗುತ್ತಿದ್ದೆ. ಮಲಗಿದವಳಿಗೆ ಅದು ದೊರೆಯಲಿಲ್ಲ. ಹಿರಿಯರೆದುರು ಕಾಲು ಚಾಚಿದಂಥ ಸಂಕೋಚವೊಂದೇ ದೊರೆಯಿತು.

ಆಗ ಇನ್ನೊಬ್ಬ ಡಾಕ್ಟರು ಬೆನ್ನಿಗೆ ಇಂಜೆಕ್ಷನ್ ಸೂಚಿಸಿದರು.

"ನರದ ಹತ್ರ ಔಷಧ ಬಿಡತೀವ್ರಿ. ಉರಿ ಕಡಿಮಿ ಆಗಬಹುದು, ಆಗದನೂ ಇರಬಹುದು. ಕಡಿಮಿ ಆದರೂ ಅದು ಕಾಯಂ ಅಲ್ಲ. ಒಮ್ಮಿ ಹರದ ಜಾಗಾ. ಸೂಜಿ ತಾಗಿ ಮತ್ತ ಸೋರೂ ಸಂಭವನೂ ಐತ್ರಿ. ಬ್ಯಾಡಂದ್ರ ಗುಳಿಗಿ, ವ್ಯಾಯಾಮ ಮುಂದುವರಸೂಣು. ವಿಚಾರ ಮಾಡಿ ಹೇಳ್ರಿ."

ಅಕ್ಕನ ಮನೆಗೆ ಬಂದ ಮೇಲೆ ನನ್ನ ಯಜಮಾನರು, "ಬ್ಯಾಡ. ಆಕಿ ಬೆನ್ನಿಗೆ ಇನ್ನ ಯಾರೂ ಕೈ ಹಚ್ಚೂದು ಬ್ಯಾಡ," ಎಂದರು.

ಅಕ್ಕ ಬಿಡಲಿಲ್ಲ. "ಮಲಗಿದವರು ನೀವಲ್ಲಲ್ರಿ! ಹಂಗಂದ್ರ ಆಕಿ ಬದಲು ಜೀವನಪೂರ್ತಿ ನೀವ ರೊಟ್ಟಿ ಬಡೀತೀರೇನು?"

"ಬಡೀತೇನ್ರಿ ಅಕ್ಕಾರ. ನಿನ್ನಿ ನೀವ ಎರಡು ತಿಂದ್ರಿ, ಏನೂ ಅನಲಿಲ್ಲ."

"ಹಲ್ಲು ಗಟ್ಟಿ ಅದಾವಂತ ತಿಂದೆ."

ನಾನು ನಕ್ಕೆ, ನಕ್ಕದ್ದು ಕಾಲಿನವರೆಗೆ ಉರಿಯಿತು. ಆದರೆ ನನ್ನ ನಿಜವಾದ ಭಯವನ್ನು ಇಬ್ಬರಿಗೂ ತಿಳಿಸಿರಲಿಲ್ಲ. ಮೊದಲನೆಯ ಶಸ್ತ್ರಚಿಕಿತ್ಸೆಗೆ ಮುನ್ನ ನರ್ಸ್ ಹೇಳಿದ್ದರಿಂದ ಲಿಂಗವನ್ನು ತೆಗೆದು ಅಕ್ಕನ ಕೈಗೆ ಕೊಟ್ಟಿದ್ದೆ. ಮೈಮೇಲಿಂದ ಅದನ್ನು ಅಗಲಿಸಬಾರದು. ಅಗಲಿಸಿದ ಆ ಹೊತ್ತಿನಲ್ಲಿಯೇ ಪೊರೆ ಹರಿಯಿತೆಂದು, ಎರಡನೆಯ ಸಲ ಅಗಲಿಸಿದ್ದಕ್ಕೆ ಉರಿ ಉಳಿಯಿತೆಂದು, ಇನ್ನೊಮ್ಮೆ ತೆಗೆದರೆ ಇನ್ನೊಮ್ಮೆ ಹರಿಯುವುದೆಂದು, ಫ್ಯಾನಿನ ಕೆಳಗೆ ಮಲಗಿ ನಾನು ನಂಬಿಬಿಟ್ಟಿದ್ದೆ.

ಮುಂದಿನ ಭೇಟಿಯಲ್ಲಿ ಧೈರ್ಯ ಮಾಡಿ ಇದನ್ನು ಡಾಕ್ಟರಿಗೆ ನಿವೇದಿಸಿಕೊಂಡೆ. ಅವರು ನಗಲಿಲ್ಲ.

"ಅದಕ್ಕ ಹರದಿಲ್ರಿ ಅಮ್ಮಾರ. ಪೊರಿ ಎಲುಬಿಗೆ ಅಂಟಿತ್ತು, ಬಿಡಸೂವಾಗ ಹರದೈತಿ. ಡಾಕ್ಟರ ಕೈಯಾಗ ಆಗಿದ್ದನ್ನ ದೇವರ ಮ್ಯಾಲೆ ಹಾಕಬ್ಯಾಡ್ರಿ. ಈ ಸಲ ಬೋರಲ ಮಲಗತೀರಿ, ಲಿಂಗ ಎದಿಗೆ ಒತ್ತತೈತಿ. ಅಂಗೈಯಾಗ ಇಟ್ಟು ಕಟ್ಟಿಬಿಡೂಣು."

"ಆಮ್ಯಾಲೆ ಪೂಜಾಕ್ಕ ಕೂಡಾಕ ಬರತೈತೇನ್ರಿ?"

"ಎಷ್ಟೊತ್ತು ಕೂಡತಿದ್ರಿ?"

"ಒಂದು ಊದಿನಕಡ್ಡೀರಿ."

"ಪೂರ್ತಿ ಕಡ್ಡಿಗೆ ಮಾತು ಕೊಡಾಂಗಿಲ್ರಿ. ಅರ್ಧಕ್ಕ ಪ್ರಯತ್ನ ಮಾಡೂಣು."

ಪೂರ್ತಿ ಕೊಡುತ್ತೇನೆಂದಿದ್ದರೆ ನಾನು ಎದ್ದು ಬರುತ್ತಿದ್ದೆನೇನೋ. ಅರ್ಧವೆಂದದ್ದರಿಂದ ಮನಸ್ಸು ನಿಂತಿತು.

"ಮಾಡ್ರಿ," ಎಂದೆ.

ಪಕ್ಕದಲ್ಲಿದ್ದ ಯಜಮಾನರು ಬಾಗಿ, "ಖರೇನ ಹೇಳಾಕತ್ತೀಯೇನು?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಇಂಜೆಕ್ಷನ್ನಿನ ದಿನ ಲಿಂಗವನ್ನು ನನ್ನ ಎಡಗೈಗೆ ಸೇರಿಸಿ ಬಟ್ಟೆ ಸುತ್ತಿದವರು ಅವರೇ.

ಮೇಜು ತಣ್ಣಗಿತ್ತು. ಯಂತ್ರ ದೂರದ ಚರಕದಂತೆ ಗುಂಯ್ ಎನ್ನುತ್ತಿತ್ತು. ಸೂಜಿ ಒಳಗಿಳಿದಾಗ ಸೊಂಟದಲ್ಲಿ ಏನೋ ಭಾರವಾಗಿ ತುಂಬಿಕೊಂಡಿತು, ಉರಿ ಒಮ್ಮೆ ಹೆಡೆಯೆತ್ತಿತು. ಕಣ್ಣು ಮುಚ್ಚಿ ಅಂಗೈಯಲ್ಲಿದ್ದ ದುಂಡನೆಯ ಭಾರವನ್ನು ಮಾತ್ರ ಹಿಡಿದಿದ್ದೆ. ಎಳೆ ಸಾಗುತ್ತಿತ್ತು, ಸಾಗುತ್ತಲೇ ಇತ್ತು. ಈ ಸಲ ಕಡಿಯಲಿಲ್ಲ.

ಸೋರಲಿಲ್ಲವೆಂದು ತಿಳಿಸಲು ಹರ್ಷಿಸುತ್ತೇನೆ. ಉರಿ ಪೂರ್ತಿ ಹೋಗಿಲ್ಲ, ಇಳಿದದ್ದು ಎಷ್ಟು ದಿನ ಹೀಗಿರುವುದೋ ತಿಳಿಯದು. ಈಗ ಬೆಳಿಗ್ಗೆ ಕುಳಿತುಕೊಳ್ಳುತ್ತೇನೆ. ಹೊಗೆ ನೆಟ್ಟಗೆ ಏರಿ ಸುರುಳಿಯಾಗುತ್ತದೆ, ಗೋಡೆಗಳು ಸರಿಯಲಾರಂಭಿಸುತ್ತವೆ. ಕಡ್ಡಿ ಅರ್ಧಕ್ಕೆ ಬಂದಾಗ ಬೆನ್ನು ಕರೆಯುತ್ತದೆ. ಉಳಿದರ್ಧವನ್ನು ಮಲಗಿ ನೋಡುತ್ತೇನೆ. ಸಂಕೋಚ ಅಷ್ಟಾಗಿ ಇಲ್ಲ.

ಈ ಕೊನೆಯ ಸಾಲುಗಳ ಅಕ್ಷರ ತುಸು ನೆಟ್ಟಗಿದ್ದರೆ, ಅವನ್ನು ಕುಳಿತು ಬರೆದಿದ್ದೇನೆಂದು ತಿಳಿಯಬೇಕು. ತಪ್ಪುಗಳು ಕುಳಿತಾಗಲೂ ಆಗಿರುತ್ತವೆ. ಕಂಡಲ್ಲಿ ದಯವಿಟ್ಟು ತಿದ್ದಿಕೊಳ್ಳಬೇಕಾಗಿ ವಿನಂತಿ.